ಮೇಲ್ಮನವಿ ಹಾಕಿದರೆ ಸಾಲದು: ಡಿಕ್ರಿ ಜಾರಿಗೆ ತಡೆಯಾಜ್ಞೆ ಪಡೆಯುವ ಬಗೆ

ದಾವೆಯಲ್ಲಿ ಸೋತವರನ್ನು ಬೀದಿಗೆ ತಂದು ನಿಲ್ಲಿಸುವ ತಪ್ಪು ತಿಳಿವಳಿಕೆ ಒಂದಿದೆ. ಮೇಲ್ಮನವಿ ದಾಖಲಾಯಿತು, ನಂಬರ್ ಬಿತ್ತು, ಇನ್ನು ಕೆಳಗಿನ ನ್ಯಾಯಾಲಯದ ತೀರ್ಪು ತಾನಾಗಿಯೇ ನಿಂತಂತೆ ಎಂದು ಅವರು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ತೀರ್ಪು ನಿಂತಿರುವುದಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41, ನಿಯಮ 5 ಇದನ್ನು ಬಿಡಿಸಿ ಹೇಳುತ್ತದೆ: ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಡಿಕ್ರಿಯ (ತೀರ್ಪಿನಂತೆ ಹೊರಡುವ ವಿಧ್ಯುಕ್ತ ಆದೇಶದ) ಅಮಲ್ಜಾರಿಗೆ ತಡೆಯಿಲ್ಲ, ಸಾಕಷ್ಟು ಕಾರಣವಿದ್ದರೆ ಮೇಲ್ಮನವಿ ನ್ಯಾಯಾಲಯ ತಡೆ ಕೊಡಬಹುದು. ಅಂದರೆ ತಡೆಯನ್ನು ಕೇಳಬೇಕು, ಕಾರಣ ತೋರಿಸಬೇಕು, ಆದೇಶ ಪಡೆಯಬೇಕು, ಪಡೆದ ಆದೇಶವನ್ನು ಸರಿಯಾದ ಕಡೆಗೆ ಮುಟ್ಟಿಸಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ನ್ಯಾಯಾಲಯದ ಜಾರಿ ಸಿಬ್ಬಂದಿಯಾದ ಅಮೀನರು ಸ್ವಾಧೀನ ವಾರಂಟ್ ಹಿಡಿದು ಬಾಗಿಲಿಗೆ ಬಂದಾಗ ನಿಮ್ಮ ಕೈಯಲ್ಲಿರುವ ಮೇಲ್ಮನವಿಯ ಪ್ರತಿ ಬರೀ ಕಾಗದವಾಗಿ ಉಳಿಯುತ್ತದೆ.

ಇಲ್ಲಿ ಹೇಳುವುದು ಮುಖ್ಯವಾಗಿ ಸಿವಿಲ್ ಡಿಕ್ರಿಗಳ ವಿಷಯ. ವಕೀಲರನ್ನು ಇಟ್ಟುಕೊಂಡವರೂ ಇದನ್ನು ತಿಳಿದಿರಬೇಕು. ತಡೆಯಾಜ್ಞೆಯ ಅರ್ಜಿಗೆ ಬೇಕಾದ ಸಂಗತಿಗಳು, ದಾಖಲೆಗಳು, ಹಣದ ಏರ್ಪಾಡು ಇವೆಲ್ಲ ಕಕ್ಷಿದಾರರ ಮನೆಯಿಂದಲೇ ಬರಬೇಕು. ವಕೀಲರು ಅವನ್ನು ಸೃಷ್ಟಿಸಲಾರರು.

ಡಿಕ್ರಿಯನ್ನು ಮೊದಲು ಓದಿ

ತೀರ್ಪಿನ ಕೊನೆಯ ಪುಟದ ಆದೇಶ ಭಾಗವನ್ನು ಎರಡು ಬಾರಿ ಓದಿ, ನಿಮ್ಮ ವಿರುದ್ಧ ನಿಜವಾಗಿ ಏನು ಜಾರಿಯಾಗಬಹುದು ಎಂದು ಕೇಳಿಕೊಳ್ಳಿ. ಹಣ ಕೊಡಬೇಕೇ, ಮನೆ ಖಾಲಿ ಮಾಡಬೇಕೇ, ಗೋಡೆ ಕೆಡವಬೇಕೇ, ಕ್ರಯಪತ್ರ ಮಾಡಿಕೊಡಬೇಕೇ, ಆಸ್ತಿ ಪಾಲಾಗಬೇಕೇ? ಉತ್ತರದ ಮೇಲೆ ಅರ್ಜಿಯ ಸ್ವರೂಪವೇ ಬದಲಾಗುತ್ತದೆ.

ನೀವೇ ವಾದಿಯಾಗಿದ್ದು ನಿಮ್ಮ ದಾವೆ ವಜಾ ಆಗಿದ್ದರೆ, ತಡೆಯಲು ಅಲ್ಲಿ ಏನೂ ಇಲ್ಲ. ವಜಾ ಆದೇಶವನ್ನು ಯಾರೂ ಅಮಲ್ಜಾರಿ ಮಾಡುವುದಿಲ್ಲ. ಅದಕ್ಕೆ ತಡೆ ಕೇಳಿದರೆ ದಾವೆ ಗೆದ್ದಂತೆಯೂ ಆಗುವುದಿಲ್ಲ. ನಿಮ್ಮ ಭಯ ಎದುರಿನವರು ಆಸ್ತಿ ಮಾರಿಬಿಡುತ್ತಾರೆ, ಕಟ್ಟಡ ಎಬ್ಬಿಸುತ್ತಾರೆ ಎಂಬುದಾದರೆ ಕೇಳಬೇಕಾದದ್ದು ಆದೇಶ 39ರ ಅಡಿಯ ತಾತ್ಕಾಲಿಕ ಪ್ರತಿಬಂಧಕಾಜ್ಞೆ. ಮೂಲ ನ್ಯಾಯಾಲಯಕ್ಕಿರುವ ಅಧಿಕಾರಗಳು ಕಲಂ 107ರಂತೆ ಮೇಲ್ಮನವಿ ನ್ಯಾಯಾಲಯಕ್ಕೂ ಇವೆ. ಬರೀ ಹಕ್ಕು ಘೋಷಣೆಯ ಡಿಕ್ರಿಯಲ್ಲೂ ಇದೇ ಮಾತು. ತಪ್ಪು ಅರ್ಜಿ ಹಾಕಿ ವಾರಗಟ್ಟಲೆ ಕಳೆದುಕೊಳ್ಳುವವರು ಇರುವುದರಿಂದ ಇದನ್ನು ಮೊದಲೇ ಹೇಳುತ್ತಿದ್ದೇನೆ.

ಪಾಲುವಿಭಾಗದ ದಾವೆಯಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ಯಾರಿಗೆ ಎಷ್ಟು ಪಾಲು ಎಂದು ಅದು ಹೇಳುತ್ತದೆ. ಜಮೀನು ಅಳೆದು ಬೇರೆ ಮಾಡುವುದು ಅಂತಿಮ ಡಿಕ್ರಿಯ ನಡಾವಳಿಯಲ್ಲಿ. ಆದ್ದರಿಂದ ಇಲ್ಲಿ ಕೇಳುವ ತಡೆ ಅಂತಿಮ ಡಿಕ್ರಿ ನಡಾವಳಿಗೆ. ಆ ನಡಾವಳಿಯನ್ನು ಪೂರ್ತಿ ನಿಲ್ಲಿಸಲು ನ್ಯಾಯಾಲಯ ಒಪ್ಪದಿದ್ದರೆ, ನಡಾವಳಿ ಮುಂದುವರಿಯಲಿ, ಅಂತಿಮ ಡಿಕ್ರಿಯನ್ನು ಮಾತ್ರ ಬರೆಯುವುದು ಬೇಡ ಎಂಬ ಮಧ್ಯದ ದಾರಿಯನ್ನಾದರೂ ಕೇಳಬಹುದು.

ತೀರ್ಪಿನ ದಿನವೇ ಮಾಡಬೇಕಾದ ಎರಡು ಕೆಲಸ

ಮೊದಲನೆಯದು ದೃಢೀಕೃತ ನಕಲಿಗೆ ಅರ್ಜಿ. ತೀರ್ಪಿನದೂ ಡಿಕ್ರಿಯದೂ ಎರಡೂ ಬೇಕು ಎಂದು ಬರೆದು ಅದೇ ದಿನ, ಆಗದಿದ್ದರೆ ಮರುದಿನ ನಕಲು ವಿಭಾಗಕ್ಕೆ ಕೊಡಿ. ಮೇಲ್ಮನವಿಗೆ ಇರುವ ಗಡುವಿನಲ್ಲಿ ನಕಲು ಪಡೆಯಲು ಹಿಡಿದ ಸಮಯವನ್ನು ಕಾಲಮಿತಿ ಕಾಯ್ದೆಯ ಕಲಂ 12 ಬಿಟ್ಟುಕೊಡುತ್ತದೆ. ಆದರೆ ಆ ಲೆಕ್ಕ ಆರಂಭವಾಗುವುದು ನೀವು ಅರ್ಜಿ ಕೊಟ್ಟ ದಿನದಿಂದ. ಅದಕ್ಕೂ ಮುಂಚೆ ಕಳೆದ ದಿನಗಳು, ನ್ಯಾಯಾಲಯ ಡಿಕ್ರಿ ಬರೆಯಲು ತೆಗೆದುಕೊಂಡ ದಿನಗಳಾಗಿದ್ದರೂ, ನಿಮ್ಮ ಗಡುವನ್ನೇ ತಿನ್ನುತ್ತವೆ.

ಎರಡನೆಯ ಕೆಲಸ ಬಹಳ ಜನರಿಗೆ ಗೊತ್ತಿಲ್ಲ. ತೀರ್ಪು ಕೊಟ್ಟ ನ್ಯಾಯಾಲಯವೇ ಅಲ್ಪಕಾಲದ ತಡೆ ಕೊಡಬಹುದು. ಮೇಲ್ಮನವಿಯ ಗಡುವು ಮುಗಿಯುವ ಮೊದಲು ಅರ್ಜಿ ಹಾಕಿ ಸಾಕಷ್ಟು ಕಾರಣ ತೋರಿಸಿದರೆ, ಡಿಕ್ರಿ ಕೊಟ್ಟ ನ್ಯಾಯಾಲಯ ಅಮಲ್ಜಾರಿಯನ್ನು ನಿಲ್ಲಿಸಬಹುದು ಎನ್ನುತ್ತದೆ ನಿಯಮ 5ರ ಉಪನಿಯಮ 2. ತೀರ್ಪು ಓದಿದ ತಕ್ಷಣ ಬಾಯಿಮಾತಿನಲ್ಲಿ ಕೇಳಿಕೊಂಡು ಸುಮ್ಮನಾಗಬೇಡಿ; ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಲಿಖಿತ ಅರ್ಜಿ ಕೊಡಿ. ಈ ತಡೆ ಮೇಲಿನ ನ್ಯಾಯಾಲಯಕ್ಕೆ ಹೋಗುವವರೆಗಿನ ಉಸಿರಾಟಕ್ಕೆ ಮಾತ್ರ. ಮನೆ ತೆರವು, ಕಟ್ಟಡ ಕೆಡಹುವಿಕೆ ಮುಂತಾದ ಡಿಕ್ರಿಗಳಲ್ಲಿ ಆ ಉಸಿರಾಟವೇ ಎಲ್ಲವನ್ನೂ ಉಳಿಸುತ್ತದೆ.

ಇಷ್ಟು ಅವಸರ ಯಾಕೆ ಎಂದು ಕೇಳಬಹುದು. ಗೆದ್ದವರು ನಿಮ್ಮ ಮೇಲ್ಮನವಿಯ ಗಡುವು ಮುಗಿಯಲಿ ಎಂದು ಕಾಯಬೇಕಾಗಿಲ್ಲ. ಡಿಕ್ರಿಯಾದ ಎರಡು ವರ್ಷದೊಳಗೆ ಅಮಲ್ಜಾರಿ ಅರ್ಜಿ ಹಾಕಿದರೆ ಆದೇಶ 21, ನಿಯಮ 22ರ ಮುನ್ನೋಟಿಸ್ ಸಾಮಾನ್ಯವಾಗಿ ಬೇಕಾಗುವುದೂ ಇಲ್ಲ. ‘ನೋಟಿಸ್ ಬರಲಿ, ಆಮೇಲೆ ನೋಡೋಣ’ ಎಂದು ಕೂತವರ ಮನೆಗೆ ನೋಟಿಸಿಗೆ ಬದಲು ವಾರಂಟೇ ಬರುವುದು ಹೀಗೆ. ಅಮಲ್ಜಾರಿ ಅರ್ಜಿಗಳನ್ನು ಸಲ್ಲಿಸಿದ ಆರು ತಿಂಗಳೊಳಗೆ ಮುಗಿಸಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ನಿರ್ದೇಶನ ಕೊಟ್ಟ ಮೇಲೆ ಈ ನ್ಯಾಯಾಲಯಗಳ ಮೇಲಿನ ಒತ್ತಡವೂ ಹೆಚ್ಚಾಗಿದೆ.

ಗಡುವು ತಪ್ಪಿದರೆ ಹೋಗುವುದು ಮೇಲ್ಮನವಿ ಮಾತ್ರವಲ್ಲ

ಮೇಲ್ಮನವಿ ಹೈಕೋರ್ಟಿಗಾದರೆ 90 ದಿನ, ಬೇರೆ ನ್ಯಾಯಾಲಯಕ್ಕಾದರೆ 30 ದಿನ. ಬೆಂಗಳೂರಿನ ನಗರ ಸಿವಿಲ್ ನ್ಯಾಯಾಲಯದ ಡಿಕ್ರಿಯ ಮೇಲೆ ನೇರವಾಗಿ ಹೈಕೋರ್ಟಿಗೆ ಹೋಗುವವರಿಗೆ 90 ದಿನ ಸಿಗುತ್ತದೆ. ತಾಲ್ಲೂಕಿನ ಸಿವಿಲ್ ನ್ಯಾಯಾಧೀಶರ ಡಿಕ್ರಿಯ ಮೇಲೆ ಜಿಲ್ಲೆಯೊಳಗಿನ ಮೇಲಿನ ನ್ಯಾಯಾಲಯಕ್ಕೆ ಹೋಗುವವರಿಗೆ 30 ದಿನ ಮಾತ್ರ. ಪಕ್ಕದ ಮನೆಯವರ ಪ್ರಕರಣಕ್ಕೆ ಮೂರು ತಿಂಗಳು ಸಿಕ್ಕಿತ್ತು ಎಂದು ನಿಮ್ಮದಕ್ಕೂ ಸಿಗುತ್ತದೆ ಎಂದುಕೊಳ್ಳಬೇಡಿ.

ಗಡುವು ಮೀರಿದರೆ ವಿಳಂಬ ಮನ್ನಾ ಅರ್ಜಿ ಹಾಕಬಹುದು ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ಅದರ ಬೆಲೆ. ಆದೇಶ 41, ನಿಯಮ 3ಎ ಪ್ರಕಾರ, ವಿಳಂಬ ಮನ್ನಾ ಅರ್ಜಿಯೊಂದಿಗೆ ಬಂದ ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಳ್ಳಲು ನ್ಯಾಯಾಲಯ ನಿರ್ಧರಿಸುವವರೆಗೆ ಅಮಲ್ಜಾರಿಗೆ ತಡೆ ಕೊಡುವಂತಿಲ್ಲ. ವಿಳಂಬದ ಅರ್ಜಿಗೆ ಎದುರಿನವರಿಗೆ ನೋಟಿಸ್ ಹೋಗಬೇಕು, ಅವರು ತಕರಾರು ಹಾಕಬೇಕು, ಎರಡೂ ಕಡೆ ವಾದ ನಡೆಯಬೇಕು. ಅಷ್ಟರಲ್ಲಿ ಕೆಳಗೆ ಅಮಲ್ಜಾರಿ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಹತ್ತು ದಿನದ ಅಲಕ್ಷ್ಯಕ್ಕೆ ಮನೆಯನ್ನೇ ತೆರಬೇಕಾಗಬಹುದು.

ಅರ್ಜಿ ಮತ್ತು ಪ್ರಮಾಣಪತ್ರ

ಮೇಲ್ಮನವಿಯ ಜೊತೆಗೇ ತಡೆ ಕೋರಿ ಮಧ್ಯಂತರ ಅರ್ಜಿಯನ್ನು ಸಲ್ಲಿಸಬೇಕು. ಅದಕ್ಕೆ ನೀವು ಪ್ರಮಾಣ ಮಾಡಿದ ಪ್ರಮಾಣಪತ್ರ ಸೇರಬೇಕು. ನಿಯಮ 5ರ ಉಪನಿಯಮ 3 ನ್ಯಾಯಾಲಯಕ್ಕೆ ಮೂರು ವಿಷಯ ಮನವರಿಕೆಯಾಗಬೇಕು ಎನ್ನುತ್ತದೆ: ತಡೆ ಕೊಡದಿದ್ದರೆ ಅರ್ಜಿದಾರರಿಗೆ ಗಣನೀಯ ನಷ್ಟವಾಗಬಹುದು, ಅರ್ಜಿ ಅನುಚಿತ ವಿಳಂಬವಿಲ್ಲದೆ ಬಂದಿದೆ, ಕೊನೆಗೆ ಯಾವ ಡಿಕ್ರಿ ಅವರನ್ನು ಬಂಧಿಸುತ್ತದೋ ಅದನ್ನು ಪಾಲಿಸುವುದಕ್ಕೆ ಅವರು ಭದ್ರತೆ ಕೊಟ್ಟಿದ್ದಾರೆ.

ನಷ್ಟದ ವಿಚಾರದಲ್ಲೇ ಹೆಚ್ಚಿನ ಅರ್ಜಿಗಳು ಸೊರಗುವುದು. ‘ತಡೆಯಾಜ್ಞೆ ನೀಡದಿದ್ದಲ್ಲಿ ಅರ್ಜಿದಾರರಿಗೆ ತುಂಬಲಾರದ ನಷ್ಟ ಮತ್ತು ಕಷ್ಟ ಉಂಟಾಗುತ್ತದೆ, ನೀಡಿದಲ್ಲಿ ಎದುರುದಾರರಿಗೆ ಯಾವುದೇ ತೊಂದರೆ ಇಲ್ಲ’ ಎಂಬ ಒಂದೇ ಅಚ್ಚಿನ ವಾಕ್ಯವನ್ನು ನ್ಯಾಯಾಧೀಶರು ಪ್ರತಿದಿನ ಓದುತ್ತಾರೆ. ಅದು ಅವರಿಗೆ ನಿಮ್ಮ ಬಗ್ಗೆ ಏನನ್ನೂ ಹೇಳುವುದಿಲ್ಲ. ಸೋತವರಿಗೆ ಡಿಕ್ರಿ ಜಾರಿಯಾದರೆ ಕಷ್ಟವಾಗುವುದು ಸಹಜ. ಆ ಸಹಜ ಕಷ್ಟವೇ ತಡೆಗೆ ಕಾರಣವಾಗುವುದಾದರೆ ಯಾವ ಡಿಕ್ರಿಯೂ ಜಾರಿಯಾಗುತ್ತಿರಲಿಲ್ಲ. ನೀವು ತೋರಿಸಬೇಕಾದದ್ದು ಮುಂದೆ ಮೇಲ್ಮನವಿ ಗೆದ್ದರೂ ಸರಿಪಡಿಸಲಾಗದ ಸಂಗತಿಯನ್ನು.

ಮನೆಯ ಡಿಕ್ರಿಯಾಗಿದ್ದರೆ ಹೀಗೆ ಬರೆಯಿರಿ: ಈ ಮನೆಯಲ್ಲಿ ಯಾರು ಯಾರು ಯಾವ ವರ್ಷದಿಂದ ವಾಸವಿದ್ದಾರೆ, ಬೇರೆ ವಾಸದ ಜಾಗ ಇದೆಯೇ ಇಲ್ಲವೇ, ಹಾಸಿಗೆ ಹಿಡಿದವರಿದ್ದಾರೆಯೇ, ಡಿಕ್ರಿದಾರರು, ಅಂದರೆ ಗೆದ್ದವರು, ಮನೆಯನ್ನು ಕೆಡವಿ ಕಟ್ಟುವ ಅಥವಾ ಮಾರುವ ಪ್ರಯತ್ನದಲ್ಲಿದ್ದಾರೆಯೇ. ಪ್ರತಿ ಮಾತಿಗೂ ಒಂದು ದಾಖಲೆ ಇರಲಿ: ಕಂದಾಯ ರಸೀದಿ, ವಿದ್ಯುತ್ ಬಿಲ್, ಪಡಿತರ ಚೀಟಿ, ವೈದ್ಯರ ಚೀಟಿ, ಫೋಟೊ. ಅಂಗಡಿಯಾಗಿದ್ದರೆ ಪರವಾನಗಿ, ನೌಕರರ ವಿವರ, ಜಿಎಸ್‌ಟಿ ದಾಖಲೆ. ಗೋಡೆ ಕೆಡಹುವ ಡಿಕ್ರಿಯಲ್ಲಿ, ಆ ಗೋಡೆ ಮಾಳಿಗೆಯ ಭಾರ ಹೊತ್ತಿದೆ ಎಂದಾದರೆ ಎಂಜಿನಿಯರರ ಪ್ರಮಾಣಪತ್ರ ನೂರು ವಾಕ್ಯಗಳ ಕೆಲಸ ಮಾಡುತ್ತದೆ.

ಹಣದ ಡಿಕ್ರಿಯಲ್ಲಿ ಈ ವಾದ ದುರ್ಬಲ. ಕೊಟ್ಟ ಹಣವನ್ನು ಗೆದ್ದ ಮೇಲೆ ವಾಪಸು ಪಡೆಯಬಹುದು ಎಂದು ನ್ಯಾಯಾಲಯ ಸಹಜವಾಗಿಯೇ ಭಾವಿಸುತ್ತದೆ. ಹಾಗಲ್ಲ ಎಂದು ತೋರಿಸುವ ಹೊಣೆ ನಿಮ್ಮದು. ಡಿಕ್ರಿದಾರರಿಗೆ ಹಣ ಹೋದರೆ ಮರಳಿ ಬರುವ ದಾರಿಯಿಲ್ಲ, ಅವರಿಗೆ ಯಾವ ಆಸ್ತಿಯೂ ಇಲ್ಲ, ಅಥವಾ ಜಪ್ತಿಯಾಗಲಿರುವ ಯಂತ್ರವೇ ನಿಮ್ಮ ಉದ್ದಿಮೆಯ ಏಕೈಕ ಆಧಾರ ಎಂಬಂಥ ನಿಖರ ಸಂಗತಿಗಳಿದ್ದರೆ ಬರೆಯಿರಿ. ಇಲ್ಲದ್ದನ್ನು ಬರೆಯಬೇಡಿ. ಬೇರೆ ಮನೆಯಿದ್ದೂ ಇಲ್ಲವೆಂದು ಪ್ರಮಾಣ ಮಾಡಿ, ಎದುರಿನವರು ಅದರ ಖಾತಾ ಪ್ರತಿ ತಂದು ಹಾಕಿದ ದಿನ ತಡೆಯಾಜ್ಞೆಯೂ ಹೋಗುತ್ತದೆ, ಮೇಲ್ಮನವಿಯ ಮೇಲಿನ ವಿಶ್ವಾಸವೂ ಹೋಗುತ್ತದೆ, ಸುಳ್ಳು ಪ್ರಮಾಣದ ಪ್ರಶ್ನೆಯೂ ಏಳುತ್ತದೆ.

ಇದರ ಜೊತೆಗೆ ತೀರ್ಪಿನಲ್ಲಿ ಮೇಲ್ನೋಟಕ್ಕೇ ಕಾಣುವ ತಪ್ಪುಗಳನ್ನು ಹೇಳಬೇಕು. ಮೂರು ನಾಲ್ಕು ಸಾಕು. ನೋಂದಾಯಿತ ದಾಖಲೆಯನ್ನು ನ್ಯಾಯಾಲಯ ಪರಿಗಣಿಸಲೇ ಇಲ್ಲ, ಕಾಲಮಿತಿಯ ವಿವಾದಾಂಶವನ್ನು ರಚಿಸಲಿಲ್ಲ, ಸಾಕ್ಷಿ ಒಪ್ಪಿಕೊಂಡ ಮಾತನ್ನು ಬಿಟ್ಟುಬಿಟ್ಟಿತು ಎಂಬಂತೆ ಬೆರಳಿಟ್ಟು ತೋರಿಸುವಂಥವು. ತಡೆಯ ಹಂತದಲ್ಲಿ ಇಡೀ ಮೇಲ್ಮನವಿಯನ್ನು ವಾದಿಸಹೊರಟರೆ ಗಟ್ಟಿ ಅಂಶಗಳೂ ಮುಳುಗಿಹೋಗುತ್ತವೆ.

ಅಮಲ್ಜಾರಿ ಈಗಾಗಲೇ ಶುರುವಾಗಿದ್ದರೆ ಅದರ ಪ್ರಕರಣ ಸಂಖ್ಯೆ, ನ್ಯಾಯಾಲಯದ ಹೆಸರು, ಮುಂದಿನ ವಾಯಿದೆ, ವಾರಂಟ್ ಹೊರಟಿದೆಯೇ ಎಂಬುದು ಅರ್ಜಿಯಲ್ಲಿ ಸ್ಪಷ್ಟವಾಗಿರಲಿ. ಇ-ಕೋರ್ಟ್ಸ್ ಜಾಲತಾಣದಲ್ಲೋ ಆ್ಯಪ್‌ನಲ್ಲೋ ಪಕ್ಷಕಾರರ ಹೆಸರಿನಿಂದ ಹುಡುಕಿದರೆ ನಿಮ್ಮ ಮೇಲೆ ಅಮಲ್ಜಾರಿ ಅರ್ಜಿ ದಾಖಲಾಗಿದೆಯೇ ಎಂದು ನೋಟಿಸಿಗೆ ಮುಂಚೆಯೇ ತಿಳಿಯಬಹುದು. ತೀರ್ಪು ಬಂದ ಮೇಲೆ ಪ್ರತಿ ವಾರ ಇದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಭದ್ರತೆ: ಬರಿಗೈಯಲ್ಲಿ ಹೋಗಬೇಡಿ

ತಡೆ ಅಂದರೆ ಗೆದ್ದವರ ಗೆಲುವನ್ನು ಕೆಲಕಾಲ ಕಟ್ಟಿಡುವುದು. ಅದಕ್ಕೆ ಪ್ರತಿಯಾಗಿ ಅವರಿಗೆ ಏನು ಖಾತರಿ ಎಂಬುದು ನ್ಯಾಯಾಲಯದ ನ್ಯಾಯಯುತ ಪ್ರಶ್ನೆ. ಉತ್ತರವನ್ನು ಸಿದ್ಧಮಾಡಿಕೊಂಡು ಹೋದವರಿಗೂ, ‘ಸಮಯ ಕೊಡಿ’ ಎನ್ನುವವರಿಗೂ ಸಿಗುವ ಆದೇಶದಲ್ಲಿ ವ್ಯತ್ಯಾಸವಿರುತ್ತದೆ.

ಹಣದ ಡಿಕ್ರಿಯ ಮೇಲಿನ ಮೇಲ್ಮನವಿಯಲ್ಲಿ, ನ್ಯಾಯಾಲಯ ಕೊಟ್ಟ ಸಮಯದೊಳಗೆ ವಿವಾದಿತ ಮೊತ್ತವನ್ನು ಠೇವಣಿ ಇಡಬೇಕು ಅಥವಾ ಭದ್ರತೆ ಒದಗಿಸಬೇಕು ಎಂದು ಆದೇಶ 41, ನಿಯಮ 1(3) ಹೇಳುತ್ತದೆ. ಹಾಗೆ ಮಾಡದಿದ್ದರೆ ತಡೆ ಕೊಡುವಂತಿಲ್ಲ ಎಂದು ನಿಯಮ 5(5) ಸೇರಿಸುತ್ತದೆ. ಠೇವಣಿ ಇಡದ ಮಾತ್ರಕ್ಕೆ ಮೇಲ್ಮನವಿಯೇ ವಜಾ ಆಗುವುದಿಲ್ಲ, ತಡೆ ಸಿಗುವುದು ಕಷ್ಟವಾಗುತ್ತದೆ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಸಿಹೋರ್ ನಗರಪಾಲಿಕಾ ಪ್ರಕರಣದಲ್ಲಿ ತಿಳಿಸಿದೆ. ಠೇವಣಿಯೇ ಇಲ್ಲದ ತಡೆ ಅಪವಾದವೆಂದು ತಿಳಿಯಿರಿ. ಸಾಮಾನ್ಯವಾಗಿ ಬರುವುದು ಷರತ್ತಿನ ತಡೆ: ಡಿಕ್ರಿ ಮೊತ್ತದ ಇಂತಿಷ್ಟು ಭಾಗವನ್ನು ಇಂತಿಷ್ಟು ವಾರದೊಳಗೆ ಠೇವಣಿ ಇಡತಕ್ಕದ್ದು, ಉಳಿದದ್ದಕ್ಕೆ ಭದ್ರತೆ ಕೊಡತಕ್ಕದ್ದು. ಎಷ್ಟು ಭಾಗ ಎಂಬುದು ನ್ಯಾಯಾಲಯದ ವಿವೇಚನೆ. ವಿಚಾರಣೆಗೆ ಮೊದಲೇ ಮನೆಯವರೊಂದಿಗೆ ಕೂತು ನಿಮ್ಮ ಕೈಲಾಗುವ ಮೊತ್ತವನ್ನು ನಿಗದಿ ಮಾಡಿ ವಕೀಲರಿಗೆ ಹೇಳಿಡಿ. ಹಣವೇ ಇಲ್ಲದಿದ್ದರೆ ಬ್ಯಾಂಕ್ ಖಾತರಿ, ಸ್ಥಿರಾಸ್ತಿಯ ಭದ್ರತೆ, ಜಾಮೀನುದಾರರು ಎಂಬ ದಾರಿಗಳಿವೆ. ಆಸ್ತಿಯನ್ನು ಭದ್ರತೆಗೆ ಇಡುವುದಾದರೆ ಪಹಣಿ ಅಥವಾ ಖಾತಾ, ಋಣಭಾರ ಪ್ರಮಾಣಪತ್ರ, ಮೌಲ್ಯದ ದಾಖಲೆ ಮೊದಲೇ ತೆಗೆದಿಟ್ಟುಕೊಳ್ಳಿ.

ಬಡ್ಡಿಯ ವಿಷಯದಲ್ಲಿ ಎಚ್ಚರ ಬೇಕು. ತಡೆಯಾಜ್ಞೆ ವಸೂಲಿಯನ್ನು ನಿಲ್ಲಿಸುತ್ತದೆ, ಬಡ್ಡಿಯನ್ನಲ್ಲ. ತಡೆಯ ಷರತ್ತಿಗಾಗಿ ಇಟ್ಟ ಠೇವಣಿ ಡಿಕ್ರಿದಾರರಿಗೆ ಮಾಡಿದ ಪಾವತಿಯಲ್ಲ ಎಂದು ಸುಪ್ರೀಂ ಕೋರ್ಟ್ 1968ರಷ್ಟು ಹಿಂದೆಯೇ ಹೇಳಿದೆ. ಮೇಲ್ಮನವಿ ಏಳೆಂಟು ವರ್ಷ ನಡೆದು ಕೊನೆಗೆ ಸೋತರೆ, ಅಷ್ಟೂ ವರ್ಷದ ಬಡ್ಡಿ ತಲೆಯ ಮೇಲೆ ಬೀಳಬಹುದು. ಆದ್ದರಿಂದ ಠೇವಣಿ ಹಣವನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಿಸುವಂತೆ ಕೇಳಿ. ಅದು ದುಡಿಯದೆ ಬಿದ್ದಿದ್ದರೆ ನಷ್ಟ ಇಬ್ಬರಿಗೂ. ಡಿಕ್ರಿಯ ಒಂದು ಭಾಗವನ್ನು ನೀವು ನಿಜವಾಗಿ ಒಪ್ಪುವುದಾದರೆ ಅಷ್ಟನ್ನು ಕೊಟ್ಟುಬಿಡುವುದು ಎಲ್ಲ ದೃಷ್ಟಿಯಿಂದಲೂ ಒಳ್ಳೆಯದು. ವಿವಾದ ಸಣ್ಣದಾಗುತ್ತದೆ, ನಿಮ್ಮ ಪ್ರಾಮಾಣಿಕತೆಯೂ ಕಾಣುತ್ತದೆ.

ಬಾಡಿಗೆದಾರರು ತೆರವಿನ ಡಿಕ್ರಿಗೆ ತಡೆ ಕೇಳುವಾಗ ಹಳೆಯ ಬಾಡಿಗೆಯನ್ನೇ ಕಟ್ಟಿಕೊಂಡು ಮುಂದುವರಿಯಬಹುದು ಎಂದುಕೊಳ್ಳುತ್ತಾರೆ. 2004ರ ಡಿಸೆಂಬರಿನಲ್ಲಿ ಬಂದ ಸುಪ್ರೀಂ ಕೋರ್ಟಿನ ಆತ್ಮಾರಾಮ್ ಪ್ರಾಪರ್ಟೀಸ್ ತೀರ್ಪಿನ ನಂತರ ಆ ನಂಬಿಕೆಗೆ ನೆಲೆಯಿಲ್ಲ. ತೆರವಿನ ಡಿಕ್ರಿಯಾದ ದಿನದಿಂದ, ಆ ಜಾಗ ಬೇರೆಯವರಿಗೆ ಕೊಟ್ಟಿದ್ದರೆ ಬರಬಹುದಾಗಿದ್ದ ದರದಲ್ಲಿ ಬಳಕೆಯ ಪರಿಹಾರ ಕಟ್ಟಬೇಕು ಎಂಬ ಷರತ್ತನ್ನು ಮೇಲ್ಮನವಿ ನ್ಯಾಯಾಲಯ ಹಾಕಬಹುದು ಎಂದು ಅಲ್ಲಿ ಹೇಳಲಾಯಿತು. ಹಾಗಾಗಿ ಸುತ್ತಲಿನ ಬಾಡಿಗೆ ಒಪ್ಪಂದಗಳ ಪ್ರತಿಗಳು ನಿಮ್ಮ ಬಳಿಯೂ ಇರಲಿ. ಇಲ್ಲದಿದ್ದರೆ ಮಾಲೀಕರು ಹೇಳಿದ ದರವೇ ಕಡತದಲ್ಲಿ ಉಳಿಯುತ್ತದೆ.

ಸರ್ಕಾರ ಮೇಲ್ಮನವಿದಾರನಾದರೆ ಆದೇಶ 27, ನಿಯಮ 8ಎ ಪ್ರಕಾರ ಅದರಿಂದ ಇಂಥ ಭದ್ರತೆ ಕೇಳುವಂತಿಲ್ಲ. ಭೂಸ್ವಾಧೀನದ ಪರಿಹಾರಕ್ಕೆ ಕಾಯುವ ರೈತರಿಗೆ ಇದು ನೋವಿನ ಸಂಗತಿ. ಆದರೂ ಠೇವಣಿಯ ಷರತ್ತಿಗಾಗಿ ಒತ್ತಾಯಿಸುವುದನ್ನು ಅವರು ಬಿಡಬಾರದು.

ವಿಚಾರಣೆಯ ದಿನ

ನಿಯಮ 5(4)ರಂತೆ, ಎದುರಿನವರಿಗೆ ನೋಟಿಸ್ ಮುಟ್ಟುವ ಮೊದಲೇ ಏಕಪಕ್ಷೀಯವಾಗಿ ಮಧ್ಯಂತರ ತಡೆ ಕೊಡುವ ಅಧಿಕಾರ ನ್ಯಾಯಾಲಯಕ್ಕಿದೆ. ವಾರಂಟ್ ಹೊರಟಿದೆ, ಹರಾಜಿನ ದಿನ ಗೊತ್ತಾಗಿದೆ ಎಂಬ ತುರ್ತು ಇದ್ದರೆ ಅದನ್ನು ಪ್ರತ್ಯೇಕವಾಗಿ ಬರೆದು ಪ್ರಕರಣವನ್ನು ಬೇಗ ಪಟ್ಟಿಗೆ ಹಾಕಿಸಲು ವಕೀಲರಿಗೆ ಹೇಳಿ.

ಎದುರಿನವರು ಕಲಂ 148ಎ ಅಡಿ ಕೇವಿಯಟ್, ಅಂದರೆ ತಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂಬ ಮುನ್ನೆಚ್ಚರಿಕೆಯ ಅರ್ಜಿ, ಹಾಕಿದ್ದರೆ ಅವರನ್ನು ಕೇಳದೆ ಆದೇಶವಾಗದು. ಕೇವಿಯಟ್ ಹಾಕಿದವರು ಅದರ ನೋಟಿಸನ್ನು ನಿಮಗೆ ನೋಂದಾಯಿತ ಅಂಚೆಯಲ್ಲಿ ಕಳಿಸಬೇಕು. ಅದರ ಆಯುಸ್ಸು 90 ದಿನ. ಅಂಚೆಯಲ್ಲಿ ಬಂದ ಆ ಲಕೋಟೆಯನ್ನು ಬಿಸಾಡದೆ ವಕೀಲರಿಗೆ ಕೊಡಿ. ಕೇವಿಯಟ್ ಇದೆಯೆಂದು ತಿಳಿದೂ ಪ್ರತಿ ಕೊಡದೆ ಹೋದರೆ ಒಂದು ವಾಯಿದೆ ವ್ಯರ್ಥವಾಗುತ್ತದೆ, ಆ ಒಂದು ವಾಯಿದೆಯಲ್ಲೇ ಸ್ವಾಧೀನ ಹೋಗಬಹುದು.

ಆದೇಶ ಕೈಗೆ ಬಂದ ಮೇಲೆ

ತಡೆ ಸಿಕ್ಕಿತು ಎಂದು ಕೇಳಿದ ಕೂಡಲೇ ಕೆಲಸ ಮುಗಿಯುವುದಿಲ್ಲ. ನಿಯಮ 5ರ ವಿವರಣೆಯ ಪ್ರಕಾರ ತಡೆ ಆದೇಶ ಜಾರಿಗೆ ಬರುವುದು ಅದು ಮೂಲ ನ್ಯಾಯಾಲಯಕ್ಕೆ ತಲುಪಿದ ದಿನದಿಂದ. ಬೆಳಿಗ್ಗೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ತಡೆ ಸಿಕ್ಕಿ, ಮಧ್ಯಾಹ್ನ ತಾಲ್ಲೂಕಿನಲ್ಲಿ ಅಮೀನರು ಬೀಗ ಒಡೆದರೆ, ಆದೇಶದ ಸುದ್ದಿ ತಿಳಿಯದೆ ಅವರು ಮಾಡಿದ ಕೆಲಸ ಅನೂರ್ಜಿತವಾಗುವುದಿಲ್ಲ. ಇದನ್ನು ಸುಪ್ರೀಂ ಕೋರ್ಟ್ 1967ರ ಮುಲ್ರಾಜ್ ಪ್ರಕರಣದಲ್ಲೇ ವಿವರಿಸಿದೆ.

ಅದೇ ವಿವರಣೆಯಲ್ಲಿ ನಿಮಗೊಂದು ಆಸರೆಯೂ ಇದೆ. ಆದೇಶದ ಪ್ರತಿ ಬರುವವರೆಗೆ, ತಡೆಯಾಗಿದೆ ಎಂದು ಮೇಲ್ಮನವಿದಾರರು ಸ್ವಂತ ಅರಿವಿನಿಂದ ಪ್ರಮಾಣ ಮಾಡಿದ ಪ್ರಮಾಣಪತ್ರವನ್ನು ನಂಬಿ ಮೂಲ ನ್ಯಾಯಾಲಯ ನಡೆದುಕೊಳ್ಳಬೇಕು. ಸ್ವಂತ ಅರಿವು ಎಂಬ ಮಾತಿಗೆ ತೂಕವಿದೆ. ವಿಚಾರಣೆಯ ದಿನ ನೀವು ನ್ಯಾಯಾಲಯದಲ್ಲಿ ಇದ್ದು ಆದೇಶವನ್ನು ಕಿವಿಯಾರೆ ಕೇಳಿದ್ದರೆ ಆ ಪ್ರಮಾಣಪತ್ರ ಗಟ್ಟಿಯಾಗುತ್ತದೆ. ಜಾಲತಾಣದಲ್ಲಿ ಆದೇಶ ಬಂದೊಡನೆ ಅದರ ಮುದ್ರಿತ ಪ್ರತಿಯನ್ನು ಮೆಮೊ ಜೊತೆ ಅಮಲ್ಜಾರಿ ನ್ಯಾಯಾಲಯಕ್ಕೆ ಸಲ್ಲಿಸಿ, ಡಿಕ್ರಿದಾರರ ವಕೀಲರಿಗೂ ಒಂದು ಪ್ರತಿ ಕೊಟ್ಟು ಸಹಿ ಪಡೆಯಿರಿ. ದೃಢೀಕೃತ ಪ್ರತಿಯನ್ನು ಆಮೇಲೆ ಸಲ್ಲಿಸಬಹುದು.

ಆದೇಶದ ಒಂದೊಂದು ಪದವನ್ನೂ ಓದಿ. ‘ಮುಂದಿನ ವಿಚಾರಣೆಯವರೆಗೆ’ ಎಂದಿದೆಯೇ, ‘ಮೇಲ್ಮನವಿ ಇತ್ಯರ್ಥವಾಗುವವರೆಗೆ’ ಎಂದಿದೆಯೇ? ಮೊದಲನೆಯದಾದರೆ ಪ್ರತಿ ವಾಯಿದೆಯಲ್ಲೂ ವಿಸ್ತರಣೆ ಕೇಳಬೇಕು, ವಿಸ್ತರಿಸಿದ್ದು ಆದೇಶ ಪತ್ರದಲ್ಲಿ ಬರೆದಿದೆಯೇ ಎಂದು ನೋಡಬೇಕು. ಆರು ತಿಂಗಳಾದರೆ ತಡೆ ತಾನಾಗಿಯೇ ಬಿದ್ದುಹೋಗುತ್ತದೆ ಎಂಬ ಮಾತು 2018ರ ಒಂದು ತೀರ್ಪಿನಿಂದ ಹಬ್ಬಿತ್ತು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ಫೆಬ್ರವರಿ 29ರಂದು ಆ ನಿಲುವನ್ನು ತಳ್ಳಿಹಾಕಿದೆ. ಎದುರಿನವರು ಈಗಲೂ ಹಳೆಯ ಮಾತನ್ನೇ ಹಿಡಿದು ಅಮಲ್ಜಾರಿ ಮುಂದುವರಿಸಹೊರಟರೆ ಈ ತೀರ್ಪನ್ನು ತೋರಿಸಿ. ಹಾಗೆಂದು ನ್ಯಾಯಾಲಯವೇ ಗೊತ್ತುಮಾಡಿದ ಗಡುವಿನ ತಡೆ ಆ ಗಡುವಿಗೇ ಮುಗಿಯುತ್ತದೆ, ಇದರಲ್ಲಿ ಬದಲಾವಣೆಯಿಲ್ಲ.

ಠೇವಣಿಯ ಕೊನೆಯ ದಿನವನ್ನು ಗೋಡೆಯ ಮೇಲೆ ಬರೆದಿಡಿ. ಷರತ್ತು ಮುರಿದರೆ ತಡೆ ಉಳಿಯುವುದಿಲ್ಲ. ಹಣ ಹೊಂದಿಸಲು ಆಗದಿದ್ದರೆ ಗಡುವು ಮುಗಿಯುವ ಮೊದಲೇ ಸಮಯ ವಿಸ್ತರಣೆಗೆ ಅರ್ಜಿ ಹಾಕಿ, ಹೊಂದಿಸಿದಷ್ಟು ಹಣವನ್ನು ಕಟ್ಟಿದ ರಸೀದಿ ಅದಕ್ಕೆ ಸೇರಿಸಿ. ಹಾಗೆಯೇ ನೀವು ಹಾಜರಾಗದೆ ಮೇಲ್ಮನವಿ ವಜಾ ಆದರೆ ತಡೆಯೂ ಅದರ ಜೊತೆಗೆ ಹೋಗುತ್ತದೆ. ಸ್ಟೇ ಸಿಕ್ಕಿದೆಯಲ್ಲ ಎಂದು ಮೇಲ್ಮನವಿಯನ್ನು ಮರೆತವರಿಗೆ ಆಗುವ ಗತಿ ಇದು.

ಗೆದ್ದವರು ನೀವಾಗಿದ್ದರೆ

ತೀರ್ಪಾದ ವಾರದಲ್ಲೇ ಮೇಲಿನ ನ್ಯಾಯಾಲಯದಲ್ಲಿ ಕೇವಿಯಟ್ ಹಾಕಿ, 90 ದಿನವಾದ ಮೇಲೆ ಬೇಕಿದ್ದರೆ ಮತ್ತೆ ಹಾಕಿ. ತಡೆ ಅನಿವಾರ್ಯವೆನಿಸಿದರೆ ಪೂರ್ತಿ ವಿರೋಧಿಸುವುದಕ್ಕಿಂತ ಒಳ್ಳೆಯ ಷರತ್ತು ಕೇಳುವುದು ಲಾಭ: ಠೇವಣಿ, ಆಸ್ತಿ ಮಾರದಂತೆ ಮುಚ್ಚಳಿಕೆ, ಮೇಲ್ಮನವಿಯ ಶೀಘ್ರ ವಿಚಾರಣೆ. ಠೇವಣಿಯಾದ ಹಣವನ್ನು ಭದ್ರತೆ ಕೊಟ್ಟು ಬಿಡಿಸಿಕೊಳ್ಳಲು ಅರ್ಜಿ ಹಾಕಬಹುದು. ಸುಳ್ಳು ಹೇಳಿ ತಡೆ ಪಡೆದಿದ್ದರೆ ತೆರವುಗೊಳಿಸಲು ಅರ್ಜಿ ಹಾಕಿ, ದಾಖಲೆ ಜೊತೆಗಿಡಿ.

ಬೇರೆ ಬಗೆಯ ಪ್ರಕರಣಗಳು

ಗೈರುಹಾಜರಿಯಲ್ಲಿ ಏಕಪಕ್ಷೀಯ ಡಿಕ್ರಿ ಆಗಿದ್ದರೆ, ಅದನ್ನು ರದ್ದುಪಡಿಸಲು ಆದೇಶ 9, ನಿಯಮ 13ರ ಅರ್ಜಿಯನ್ನು 30 ದಿನದೊಳಗೆ ಅದೇ ನ್ಯಾಯಾಲಯದಲ್ಲಿ ಹಾಕಿ, ಅದರ ಜೊತೆ ತಡೆಯನ್ನೂ ಕೇಳಬಹುದು. ಮೋಟಾರು ಅಪಘಾತ ಪರಿಹಾರದ ಆದೇಶದ ಮೇಲೆ ಮೇಲ್ಮನವಿ ಹೋಗುವ ಹೊಣೆಗಾರರು 25,000 ರೂಪಾಯಿ ಅಥವಾ ಪರಿಹಾರದ ಅರ್ಧ, ಇವೆರಡರಲ್ಲಿ ಕಡಿಮೆಯದನ್ನು ಮೊದಲೇ ಕಟ್ಟಬೇಕು. ಜಿಲ್ಲಾ ಗ್ರಾಹಕ ಆಯೋಗದ ಆದೇಶದ ಮೇಲೆ ರಾಜ್ಯ ಆಯೋಗಕ್ಕೆ ಹೋಗಲು 45 ದಿನದ ಗಡುವು, ಆದೇಶದ ಮೊತ್ತದ ಅರ್ಧ ಠೇವಣಿ. ಮಧ್ಯಸ್ಥಿಕೆಯ ಐತೀರ್ಪನ್ನು ಪ್ರಶ್ನಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. 2015ರ ತಿದ್ದುಪಡಿಯ ನಂತರ ಮಧ್ಯಸ್ಥಿಕೆ ಕಾಯ್ದೆಯ ಕಲಂ 36ರಡಿ ಪ್ರತ್ಯೇಕ ಅರ್ಜಿ ಬೇಕು. ಚೆಕ್ ಅಮಾನ್ಯ ಪ್ರಕರಣದಲ್ಲಿ ಶಿಕ್ಷೆಯಾದವರಿಗೆ ಮೇಲ್ಮನವಿ ನ್ಯಾಯಾಲಯ ದಂಡ ಅಥವಾ ಪರಿಹಾರದ ಕನಿಷ್ಠ ಶೇ 20ರಷ್ಟು ಠೇವಣಿಗೆ ಆದೇಶಿಸಬಹುದು. ಅದಕ್ಕೆ 60 ದಿನ, ಸಕಾರಣವಿದ್ದರೆ ಇನ್ನೂ 30 ದಿನ. ಕ್ರಿಮಿನಲ್ ಶಿಕ್ಷೆಯ ಅಮಾನತನ್ನು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 430ರ ಅಡಿ ಕೇಳಬೇಕು.

ತಡೆ ಸಿಗದಿದ್ದರೆ, ತಡವಾಗಿದ್ದರೆ

ತಡೆ ಸಿಗದಿದ್ದರೂ ಎಲ್ಲವನ್ನೂ ಜಪ್ತಿ ಮಾಡುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 60 ರೈತರು ವಾಸವಿರುವ ಅವರದೇ ಮನೆ, ಉಳುಮೆಯ ಸಾಧನಗಳು, ಕುಶಲಕರ್ಮಿಯ ಉಪಕರಣಗಳನ್ನು ರಕ್ಷಿಸುತ್ತದೆ. ಹಣದ ಡಿಕ್ರಿಗಾಗಿ ಮಹಿಳೆಯನ್ನು ಬಂಧಿಸುವಂತಿಲ್ಲ ಎನ್ನುತ್ತದೆ ಕಲಂ 56. ಸ್ಥಿರಾಸ್ತಿಯ ಹರಾಜಿಗೆ ಆದೇಶವಾಗಿ ಮೇಲ್ಮನವಿ ಬಾಕಿ ಇದ್ದರೆ, ಹರಾಜಿಗೆ ಆದೇಶಿಸಿದ ನ್ಯಾಯಾಲಯದಲ್ಲೇ ಆದೇಶ 41, ನಿಯಮ 6(2)ರ ಅಡಿ ಅರ್ಜಿ ಹಾಕಿ. ಭದ್ರತೆಯ ಷರತ್ತಿನ ಮೇಲೆ ಮೇಲ್ಮನವಿ ಮುಗಿಯುವವರೆಗೆ ಹರಾಜನ್ನು ನಿಲ್ಲಿಸಬೇಕು ಎಂದೇ ಆ ನಿಯಮದ ಭಾಷೆಯಿದೆ. ಮೇಲಿನ ನ್ಯಾಯಾಲಯದಲ್ಲಿ ತಡೆ ಸಿಗದವರೂ ಈ ಬಾಗಿಲನ್ನು ತಟ್ಟಿ ನೋಡಬೇಕು. ಹರಾಜು ನಡೆದು ಹೊರಗಿನವರೊಬ್ಬರು ಕೊಂಡುಬಿಟ್ಟರೆ, ಮುಂದೆ ಡಿಕ್ರಿಯೇ ರದ್ದಾದರೂ ಆ ಖರೀದಿ ಸಾಮಾನ್ಯವಾಗಿ ಉಳಿಯುತ್ತದೆ.

ಸ್ವಾಧೀನ ಹೋಗಿಯೇ ಬಿಟ್ಟಿದ್ದರೆ ಅಮಲ್ಜಾರಿಗೆ ತಡೆ ಕೇಳಿ ಪ್ರಯೋಜನವಿಲ್ಲ. ಆಗ ಆಸ್ತಿಯನ್ನು ಮಾರದಂತೆ, ಸ್ವರೂಪ ಬದಲಿಸದಂತೆ ಯಥಾಸ್ಥಿತಿಯ ಆದೇಶ ಕೇಳಿ. ಮೇಲ್ಮನವಿ ಗೆದ್ದ ದಿನ ಕಲಂ 144ರ ಅಡಿ ಮೂಲ ನ್ಯಾಯಾಲಯಕ್ಕೆ ಪುನಃಸ್ಥಾಪನೆಯ ಅರ್ಜಿ ಹಾಕಿದರೆ ಡಿಕ್ರಿಯಿಂದ ಕಳೆದುಕೊಂಡ ಸ್ವಾಧೀನ, ಹಣ, ಅದರ ಬಡ್ಡಿ, ಆಸ್ತಿ ಕೈತಪ್ಪಿದ್ದ ಅವಧಿಯ ಉತ್ಪನ್ನದ ಪರಿಹಾರವನ್ನು ಮರಳಿ ಪಡೆಯಬಹುದು. ಅದಕ್ಕೆ ಬೇರೆ ದಾವೆ ಹೂಡುವ ಅಗತ್ಯವಿಲ್ಲ, ಹೂಡುವಂತೆಯೂ ಇಲ್ಲ. ಆದ್ದರಿಂದ ಸ್ವಾಧೀನ ತೆಗೆದುಕೊಂಡ ದಿನದ ಅಮೀನರ ವರದಿ, ಪಂಚನಾಮೆ, ಮನೆಯಲ್ಲಿದ್ದ ವಸ್ತುಗಳ ಪಟ್ಟಿ, ಹೊಲದಲ್ಲಿ ನಿಂತಿದ್ದ ಬೆಳೆಯ ಫೋಟೊ ಇವನ್ನೆಲ್ಲ ಅಂದೇ ಸಂಗ್ರಹಿಸಿ ಮೇಲ್ಮನವಿಯ ಕಡತದ ಜೊತೆ ಇಟ್ಟುಕೊಳ್ಳಿ.